ಕೆಲಸ ಇದ್ದ ಕಡೆಗೆ ಓಡಿ: ನಾಲ್ಕು ಊರಿನ ಓಟಗಾರರಿಗೆ ಕೆಲವು ಸೂತ್ರಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಬೆಳಗ್ಗೆ ಆರು ಗಂಟೆಗೆ ಈ ಊರುಗಳ ಯಾವ ಮೈದಾನಕ್ಕೆ ಹೋದರೂ ಮೂರು ಬಗೆಯ ಜನ ಸಿಗುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಲೇಬೇಕೆಂದು ಬೆವರು ಸುರಿಸುವ ಹುಡುಗರು. ಡಾಕ್ಟರು ಶುಗರ್ ಬಂದಿದೆ ಎಂದ ಮೇಲೆ ಶೂ ಕೊಂಡ ಹಿರಿಯರು. ಬೆಂಗಳೂರಿನ ಬಸ್ಸೋ ರೈಲೋ ಹಿಡಿಯುವ ಮುಂಚೆ ನಾಲ್ಕು ಸುತ್ತು ಓಡಿಬಿಡೋಣ ಎನ್ನುವ ನೌಕರರು. ಎಲ್ಲರೂ ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ.

ಅದೇ ಹೊತ್ತಿನಲ್ಲಿ, ಎರಡು ಕಿಲೋಮೀಟರ್ ಆಚೆ, ಸರ್ಕಾರಿ ಶಾಲೆಯ ಅಂಗಳದಲ್ಲಿ ಮಳೆಗಾಲದಲ್ಲಿ ನೆಟ್ಟ ಹೊಂಗೆ ಗಿಡ ನೀರಿಲ್ಲದೆ ಬಾಡುತ್ತಿರುತ್ತದೆ. ಒಂಟಿ ಅಜ್ಜಿಯೊಬ್ಬರ ಬಿ.ಪಿ. ಮಾತ್ರೆ ನಿನ್ನೆಯೇ ಮುಗಿದಿರುತ್ತದೆ. ಕೆರೆ ಕೋಡಿಯ ಬಾಯಿಗೆ ಪ್ಲಾಸ್ಟಿಕ್ ಅಡರಿಕೊಂಡಿರುತ್ತದೆ. ಆ ಓಟವನ್ನು ಈ ಕೆಲಸಗಳ ಕಡೆಗೆ ತಿರುಗಿಸಬಹುದು. ಲಂಡನ್ನಿನಲ್ಲಿ 2009ರಲ್ಲಿ ಐವೊ ಗೋರ್ಮ್ಲಿ ಎಂಬಾತ ಶುರು ಮಾಡಿದ ಗುಡ್‌ಜಿಮ್ ಎಂಬ ಬಳಗದ ರೀತಿ ಇಷ್ಟೇ: ಗುಂಪಾಗಿ ಓಡಿಕೊಂಡು ಕೆಲಸದ ಜಾಗಕ್ಕೆ ಹೋಗುವುದು, ಕೆಲಸ ಮುಗಿಸುವುದು, ಓಡಿಕೊಂಡೇ ವಾಪಸ್ ಬರುವುದು. ನಮಗೆ ಶ್ರಮದಾನ ಹೊಸತಲ್ಲ. 1969ರಲ್ಲಿ ಎನ್‌ಎಸ್‌ಎಸ್ ಆರಂಭವಾದಾಗಿನಿಂದ ಕಾಲೇಜು ಹುಡುಗ ಹುಡುಗಿಯರು ಹಳ್ಳಿಗಳಲ್ಲಿ ವಾರದ ಶಿಬಿರ ಮಾಡುತ್ತಲೇ ಬಂದಿದ್ದಾರೆ. ಶಿಬಿರ ವರ್ಷಕ್ಕೊಮ್ಮೆ ಬರುತ್ತದೆ. ಓಟ ವಾರ ವಾರವೂ ಬರುತ್ತದೆ. ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಏನೇನು ಆಗಬಹುದು, ಹೇಗೆ ಕಟ್ಟಬೇಕು ಎಂಬುದೇ ಕೆಳಗಿನ ಸೂತ್ರಗಳು.

1. ಮೊದಲು ಕೆಲಸ ಹುಡುಕಿ, ದಾರಿ ಆಮೇಲೆ

ಹೆಚ್ಚಿನ ಗುಂಪುಗಳು ಎಡವುವುದು ಇಲ್ಲೇ. ಐದು ಕಿಲೋಮೀಟರಿನ ಚಂದದ ದಾರಿ ಗುರುತು ಮಾಡಿ, ಆಮೇಲೆ ಅದರ ಪಕ್ಕದಲ್ಲಿ ಮಾಡಲು ಏನಾದರೂ ಸಿಗುತ್ತದೆಯೇ ಎಂದು ನೋಡುತ್ತವೆ. ಸಿಗುವುದು ಯಾರಿಗೂ ಬೇಡದ ಕೆಲಸ.

ಬೇಕಾದ ಕೆಲಸ ಯಾರಿಗೆ ಗೊತ್ತಿರುತ್ತದೆ? ಈ ಜಿಲ್ಲೆಯ ಹಳ್ಳಿಗಳಲ್ಲಿ ಉತ್ತರ ಸುಲಭ: ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಹೋಗಿ ನಿಲ್ಲಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಊರಿನ ಪ್ರತಿ ಒಡೆದ ಪೈಪು, ಪ್ರತಿ ಬಿದ್ದ ಗೋಡೆ ಗೊತ್ತು. "ಏನ್ರಪ್ಪಾ, ಬೆಳಬೆಳಗ್ಗೆ ಯಾಕ್ ಹಿಂಗ್ ಓಡ್ತೀರಾ?" ಎಂದು ಅವರೇ ಮಾತಿಗೆಳೆಯುತ್ತಾರೆ. "ನಿಮ್ಮೂರಲ್ಲಿ ಒಂದು ಕೆಲಸ ಮಾಡ್ಕೊಡೋಣ ಅಂತ ಬಂದ್ವಿ ಗೌಡ್ರೇ, ಏನಿದೆ ಹೇಳಿ" ಎಂದರೆ ಪಟ್ಟಿಯೇ ಸಿಗುತ್ತದೆ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ಶಾಲೆಯ ಅಂಗಳದ ವಿಷಯ ಪಿ.ಟಿ. ಮೇಷ್ಟ್ರಿಗೆ ಗೊತ್ತು. ಈ ಮೇಷ್ಟ್ರನ್ನು ಮೊದಲ ದಿನವೇ ಗುಂಪಿಗೆ ಸೇರಿಸಿಕೊಳ್ಳಿ. ಮೈದಾನ, ಸುಣ್ಣ, ಹಗ್ಗ, ಓಡುವ ಮಕ್ಕಳು ಎಲ್ಲವೂ ಅವರ ಜೊತೆಗೇ ಬರುತ್ತವೆ. ಪಂಚಾಯಿತಿ ಜಾಗವಾದರೆ ಪಿಡಿಒಗೆ, ಶಾಲೆಯಾದರೆ ಹೆಡ್ ಮೇಷ್ಟ್ರಿಗೂ ಎಸ್‌ಡಿಎಂಸಿಗೂ ಒಂದು ಮಾತು ಹೇಳಿ ಒಪ್ಪಿಗೆ ಪಡೆಯಿರಿ. ಹೇಳದೆ ಮಾಡಿದ ಒಳ್ಳೆಯ ಕೆಲಸವೂ ತಕರಾರಿಗೆ ಕಾರಣವಾಗುತ್ತದೆ.

2. ಎರಡು ಕಿಲೋಮೀಟರ್ ಹೋಗಿ, ನಲವತ್ತು ನಿಮಿಷ ದುಡಿದು, ಎರಡು ಕಿಲೋಮೀಟರ್ ಬನ್ನಿ

ಶುರುವಿಗೆ ಇಷ್ಟು ಸಾಕು. ಆರಕ್ಕೆ ಹೊರಟರೆ ಏಳೂವರೆಗೆ ಮನೆ. ಹತ್ತು ಜನ ನಲವತ್ತು ನಿಮಿಷ ಗುದ್ದಲಿ ಹಿಡಿದರೆ ಶಾಲೆಯ ಅಂಗಳದ ಪಾರ್ಥೇನಿಯಂ ಬುಡಸಮೇತ ಕಿತ್ತು ಮುಗಿಯುತ್ತದೆ. ಓಡುವಾಗ ಮಾತಾಡಲು ಆಗುವಷ್ಟು ವೇಗ ಇರಲಿ. ಏದುಸಿರು ಬಿಡುತ್ತಾ ಬಂದು ಸನಿಕೆ ಹಿಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಬೆವರಿದ ಬಟ್ಟೆಯಲ್ಲೇ ನಿಂತರೆ ಮೈ ಬೇಗ ತಣ್ಣಗಾಗುತ್ತದೆ, ಆದ್ದರಿಂದ ಒಂದು ಒಣ ಅಂಗಿ ಜೊತೆಗಿರಲಿ.

3. ಹುಲಿಕಲ್ ರಸ್ತೆಯನ್ನು ಒಮ್ಮೆ ಓಡಿ ನೋಡಿ

ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿ ಓಟಗಾರರಿಗೆ ಹೇಳಿ ಮಾಡಿಸಿದ ಉದ್ದ, ಸುಮಾರು ನಾಲ್ಕೂವರೆ ಕಿಲೋಮೀಟರ್. ತಲೆಯ ಮೇಲೆ ಆಲದ ನೆರಳು. ಆ ನೆರಳು ಹೇಗೆ ಬಂತು ಎಂಬುದು ಕರ್ನಾಟಕದ ಪ್ರತಿ ಶಾಲೆಯ ಮಗುವಿಗೂ ಗೊತ್ತು. ಆದರೂ ಸ್ವಯಂಸೇವೆ ಮಾಡಹೊರಟವರು ಆ ಕಥೆಯನ್ನು ಕೆಲಸದ ಲೆಕ್ಕವಾಗಿ ಇನ್ನೊಮ್ಮೆ ಓದಬೇಕು.

ಹುಲಿಕಲ್‌ನ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಮೊದಲ ವರ್ಷ ನೆಟ್ಟಿದ್ದು ಹತ್ತೇ ಸಸಿ. ಎರಡನೆಯ ವರ್ಷ ಹದಿನೈದು. ಮೂರನೆಯ ವರ್ಷ ಇಪ್ಪತ್ತು. ಊರಿನ ಹಳೆಯ ಆಲದ ಮರಗಳಿಂದಲೇ ಸಸಿ ಮಾಡಿಕೊಂಡರು, ಕಾಸು ಕೊಟ್ಟು ತರಲಿಲ್ಲ. ಬೇರು ಹಿಡಿಯಲಿ ಎಂದು ಮಳೆಗಾಲ ನೋಡಿಕೊಂಡು ನೆಟ್ಟರು. ದನ ಕರು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದರು. ಬೇಸಿಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತು ಆ ದಾರಿಯುದ್ದಕ್ಕೂ ನಡೆದರು. ಕೂಲಿ ಮಾಡಿ ಬದುಕುತ್ತಿದ್ದ ದಂಪತಿ ಇಷ್ಟನ್ನೂ ದಿನದ ದುಡಿಮೆಯ ಜೊತೆಗೇ ಮಾಡಿದರು. ಹಾಗೆ ಸಾಲುಗಟ್ಟಿದ ಆಲದ ಮರಗಳು 385 ಎಂದು ಪ್ರಸಿದ್ಧ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ, 114ನೆಯ ವಯಸ್ಸಿನಲ್ಲಿ, ತಿಮ್ಮಕ್ಕ ತೀರಿಕೊಂಡರು.

ನನಗೆ ಈ ಕಥೆಯಲ್ಲಿ 385ಕ್ಕಿಂತ ದೊಡ್ಡದಾಗಿ ಕಾಣುವುದು ಆ ಮೊದಲ ವರ್ಷದ ಹತ್ತು. ಹತ್ತನ್ನು ಉಳಿಸಿಕೊಂಡ ಮೇಲೆ ಹದಿನೈದಕ್ಕೆ ಕೈ ಹಾಕಿದರು. ನಮ್ಮ ಪರಿಸರ ದಿನಾಚರಣೆಗಳಲ್ಲಿ ಇದಕ್ಕೆ ತದ್ವಿರುದ್ಧ ನಡೆಯುತ್ತದೆ: ಜೂನ್ 5ರಂದು ನೂರಾರು ಗುಂಡಿ ತೋಡಿ, ಗಿಡ ನೆಟ್ಟು, ಮುಂದಿನ ಜೂನ್ 5ರಂದು ಅದೇ ಗುಂಡಿಗಳಲ್ಲಿ ಮತ್ತೆ ನೆಡುತ್ತಾರೆ. ನಿಮ್ಮ ಓಟದ ಗುಂಪು ಗಿಡ ನೆಡುವ ಆಸೆಯನ್ನು ಮೊದಲ ವರ್ಷ ಬದಿಗಿಡಲಿ. ಬೇರೆಯವರು ನೆಟ್ಟು ಮರೆತ ಗಿಡಗಳಿಗೆ ನೀರು ಹಾಕಲಿ. ಫೆಬ್ರವರಿಯಿಂದ ಮೊದಲ ಮುಂಗಾರು ಹನಿಯವರೆಗೆ ವಾರಕ್ಕೊಮ್ಮೆ ಬಕೆಟ್ಟು ಹಿಡಿಯಿರಿ. ಶಾಲೆಯ ಸಂಪಿನಿಂದಲೋ ಊರಿನ ನಲ್ಲಿಯಿಂದಲೋ ನೀರು ತುಂಬಿ ಕೈಯಿಂದ ಕೈಗೆ ದಾಟಿಸಿ. ಬುಡದಲ್ಲಿ ಪಾತಿ ಮಾಡಿ, ಒಣಗಿದ ಎಲೆ ಹೊದಿಸಿ, ಒಂದಕ್ಕೆ ಒಂದು ಬಕೆಟ್ ಹಾಕಿದರೆ ಹಲವು ದಿನ ತೇವ ನಿಲ್ಲುತ್ತದೆ. ಎರಡು ಬೇಸಿಗೆ ದಾಟಿಸಿದ ಗಿಡ ಮೂರನೆಯದನ್ನು ಹೆಚ್ಚಾಗಿ ತಾನೇ ದಾಟುತ್ತದೆ.

ಚನ್ನಪಟ್ಟಣದ ಗುಂಪಿಗೆ ಇದರಲ್ಲೇ ಇನ್ನೊಂದು ಕೆಲಸ ಇದೆ. ಅಲ್ಲಿನ ಬಣ್ಣದ ಬೊಂಬೆಗಳು ಬದುಕಿರುವುದು ಆಲೆ ಮರದ ಮೇಲೆ. ಹಗುರ, ನಯ, ಕಡೆಯಲು ಒಗ್ಗುವ ಮರ ಅದು. ಗಿಡ ಬೆಳೆಸುವ ಹಂತಕ್ಕೆ ಬಂದಾಗ ಗುಂಡುತೋಪಿನಲ್ಲೋ ಶಾಲೆಯ ಬೇಲಿಯಲ್ಲೋ ನಾಲ್ಕು ಆಲೆ ಗಿಡಗಳೂ ಇರಲಿ. ಊರಿನ ಕಸುಬಿಗೆ ಊರಿನ ಓಟಗಾರರು ಕೊಡಬಹುದಾದ ಕಾಣಿಕೆ ಅದು.

4. ಕಸ ಹೆಕ್ಕುವ ಓಟಕ್ಕೆ ಒಂದೇ ರಸ್ತೆ ಹಿಡಿಯಿರಿ

ಓಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ 2016ರಲ್ಲಿ ಸ್ವೀಡನ್ನಿನ ಎರಿಕ್ ಆಲ್‌ಸ್ಟ್ರೋಮ್ ಸ್ಟಾಕ್‌ಹೋಮಿನಲ್ಲಿ ಆರಂಭಿಸಿದ್ದು. 2019ರ ಗಾಂಧಿ ಜಯಂತಿಯಂದು ಕೇಂದ್ರ ಸರ್ಕಾರ ದೇಶದಾದ್ಯಂತ ಫಿಟ್ ಇಂಡಿಯಾ ಪ್ಲಾಗಿಂಗ್ ಓಟ ನಡೆಸಿದ ಮೇಲೆ ಈ ಹೆಸರು ನಮ್ಮ ಊರುಗಳಿಗೂ ಬಂತು. ಬಹಳ ಕಡೆ ಅದೊಂದೇ ದಿನಕ್ಕೆ ನಿಂತಿತು.

ಊರಿಡೀ ಸುತ್ತಿ ಒಂದೊಂದು ಬಾಟಲಿ ಎತ್ತುವುದರಿಂದ ಏನೂ ಬದಲಾಗುವುದಿಲ್ಲ. ಒಂದು ರಸ್ತೆ, ಹೆಚ್ಚೆಂದರೆ ಅರ್ಧ ಕಿಲೋಮೀಟರ್ ಆರಿಸಿಕೊಂಡು ಮೂರು ತಿಂಗಳು ಅದನ್ನೇ ಹಿಡಿಯಿರಿ. ಆಗ ಕಸ ಎಲ್ಲಿಂದ ಬರುತ್ತದೆ ಎಂಬುದು ಕಾಣತೊಡಗುತ್ತದೆ: ಈ ತಿರುವಿನಲ್ಲಿ ರಾತ್ರಿ ಕುಡಿದು ಬಿಸಾಡುವ ಬಾಟಲಿ, ಆ ಮೋರಿಯ ಹತ್ತಿರ ಛತ್ರದ ಊಟದ ಎಲೆ, ಆಚೆ ಕೋಳಿ ಅಂಗಡಿಯ ಚೀಲ. ಮೂಲ ಗೊತ್ತಾದ ಮೇಲೆ ಆ ಅಂಗಡಿಯವರ ಜೊತೆ ಮಾತಾಡುವುದೇ ಅರ್ಧ ಕೆಲಸ. ಗದರಬೇಡಿ. "ಅಣ್ಣಾ, ಗಾಡಿ ಬರೋವರೆಗೂ ಚೀಲ ಒಳಗಿಟ್ಕೊಳ್ಳಿ, ಏನಾದ್ರೂ ತೊಂದರೆ ಇದ್ರೆ ಹೇಳಿ" ಎಂದು ಕೇಳಿದರೆ, ಕಸದ ಗಾಡಿ ತಮ್ಮ ಅಂಗಡಿ ತೆಗೆಯುವ ಮೊದಲೇ ಬಂದು ಹೋಗುತ್ತದೆ ಎಂಬಂಥ ನಿಜವಾದ ಕಾರಣವೇ ಹೊರಬರಬಹುದು. ಆ ಮಾಹಿತಿ ನಗರಸಭೆಗೆ ಬೇಕು. ಅದನ್ನು ತಲುಪಿಸಿ.

ದಪ್ಪ ರಬ್ಬರ್ ಗ್ಲೌಸ್ ಇಲ್ಲದೆ ಯಾರೂ ಕಸ ಮುಟ್ಟಬಾರದು. ಸೂಜಿ, ಔಷಧಿ ಸೀಸೆ ಕಂಡರೆ ಎತ್ತಬೇಡಿ, ತಿಳಿಸಿ. ಕಸದ ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕೆದಕಿ, ಇಲಿ ಇದ್ದಲ್ಲಿ ಹಾವೂ ಇರುತ್ತದೆ. ಟಿ.ಟಿ. ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡದ್ದು ಎಂಬುದು ಪ್ರತಿಯೊಬ್ಬರಿಗೂ ನೆನಪಿರಬೇಕು.

5. ತುಂಬಿದ ಚೀಲವನ್ನು ರಸ್ತೆ ಬದಿಗೆ ಇಟ್ಟು ಹೋಗಬೇಡಿ

ನಾಯಿ ಹರಿದು ಅದು ಮೊದಲಿಗಿಂತ ಹೆಚ್ಚು ಹರಡುತ್ತದೆ. ಪೌರಕಾರ್ಮಿಕರನ್ನು ಹಿಂದಿನ ದಿನವೇ ಕೇಳಿ: ಚೀಲ ಎಲ್ಲಿಡಬೇಕು, ಗಾಡಿ ಎಷ್ಟು ಹೊತ್ತಿಗೆ, ಹಸಿ ಒಣ ಹೇಗೆ ಬೇರೆ ಮಾಡಬೇಕು. ಹಳ್ಳಿಯಾದರೆ ಪಂಚಾಯಿತಿಯ ಸ್ವಚ್ಛ ವಾಹಿನಿ ಓಡಿಸುವ ಹೆಣ್ಣುಮಗಳನ್ನು ಕೇಳಿ. ಅವರು ಹೇಳಿದಂತೆ ನಡೆಯಿರಿ, ಈ ಕೆಲಸದಲ್ಲಿ ಅವರು ನಮಗಿಂತ ಬಲ್ಲವರು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಒಂದು ಬೀದಿಯನ್ನಾದರೂ ಅವರು ಬರುವ ಮುಂಚೆ ಗುಡಿಸಿಟ್ಟರೆ ಅದಕ್ಕಿಂತ ಚೆನ್ನಾದ ಹಾರ ಬೇರೆ ಬೇಕಿಲ್ಲ.

6. ಕೆರೆ ಏರಿ ಓಟಗಾರರ ಪಾಲಿಗೆ ಸಿಕ್ಕ ಟ್ರ್ಯಾಕ್. ಅದರ ಬಾಡಿಗೆ ಕಟ್ಟಿ

ಮಣ್ಣಿನ ನೆಲ, ಮೊಣಕಾಲಿಗೆ ಮೆತ್ತಗೆ, ಗಾಡಿ ಕಾಟ ಕಡಿಮೆ, ಒಂದು ಬದಿಗೆ ನೀರು. ಇಂಥ ಏರಿ ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಊರುಗಳಲ್ಲಿದೆ. ಅಲ್ಲಿ ಓಡುವವರು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಕೆರೆಗೆ ನೀರು ತರುವ ಕಾಲುವೆಗಳ ಮತ್ತು ಕೋಡಿಯ ಬಾಯಿಯ ಪ್ಲಾಸ್ಟಿಕ್ ತೆಗೆಯಬೇಕು. 2022ರ ಆಗಸ್ಟ್ ಕೊನೆಯ ಮಳೆಯನ್ನು ರಾಮನಗರದವರು ಮರೆತಿಲ್ಲ: ಕೆರೆಗಳು ತುಂಬಿ ಉಕ್ಕಿ, ಬಡಾವಣೆಗಳಿಗೂ ಬೆಂಗಳೂರು–ಮೈಸೂರು ಹೆದ್ದಾರಿಗೂ ನೀರು ನುಗ್ಗಿತ್ತು. ಅಂಥ ಮಳೆಯನ್ನು ಓಟದ ಗುಂಪೊಂದು ತಡೆಯಲಾರದು. ಆದರೆ ಬೀದಿಯ ಮೋರಿಯಲ್ಲಿ ಸಿಕ್ಕಿಕೊಂಡ ಗೋಣಿಚೀಲವನ್ನು ತೆಗೆಯಲು ಬೇಸಿಗೆಯ ಒಂದು ಬೆಳಗ್ಗೆ ಸಾಕು. ಏರಿಯ ಮಣ್ಣು ಅಗೆಯುವುದು, ತೂಬು ಮುಟ್ಟುವುದು ಮಾತ್ರ ನಮ್ಮ ಕೆಲಸವಲ್ಲ. ಬಿರುಕು ಕಂಡರೆ ಫೋಟೊ ತೆಗೆದು ಪಂಚಾಯಿತಿಗೆ ಕೊಡಿ. ವಾರ ವಾರ ಅದೇ ಏರಿಯ ಮೇಲೆ ಓಡುವವರ ಕಣ್ಣಿಗೇ ಬಿರುಕು ಮೊದಲು ಬೀಳುವುದು.

ಕನಕಪುರದವರಿಗೆ ಅರ್ಕಾವತಿಯ ದಡವೇ ಇದೆ. ಊರಿನ ಪಕ್ಕ ಹರಿದು ಸಂಗಮದಲ್ಲಿ ಕಾವೇರಿ ಸೇರುವ ನದಿ ಅದು. ನಮ್ಮ ದಡದಿಂದ ಜಾರಿದ್ದು ಅಲ್ಲಿಗೇ ಹೋಗುತ್ತದೆ.

7. ರಾಮದೇವರ ಬೆಟ್ಟಕ್ಕೆ ದಂಡು ಕಟ್ಟಿಕೊಂಡು ಹತ್ತಬೇಡಿ

ಶೋಲೆ ಸಿನಿಮಾದ ಬಂಡೆ ಎಂದು ಲೋಕಕ್ಕೆಲ್ಲ ಗೊತ್ತಾದ ಆ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ, ದೇಶದಲ್ಲೇ ಮೊದಲನೆಯದು. ವಿಸ್ತಾರ ಸುಮಾರು 346 ಹೆಕ್ಟೇರ್. ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಸಂದಿನಲ್ಲಿ ಗೂಡು ಮಾಡುತ್ತದೆ, ಅದೂ ನವೆಂಬರ್‌ನಿಂದ ಬೇಸಿಗೆಯ ಮೊದಲ ತಿಂಗಳವರೆಗೆ, ಅಂದರೆ ಓಟಗಾರರಿಗೆ ಬೆಟ್ಟ ಹತ್ತುವ ಹುಮ್ಮಸ್ಸು ಬರುವ ಚಳಿಗಾಲದಲ್ಲೇ. ಐವತ್ತು ಜನ ಸೀಟಿ ಊದುತ್ತಾ ಹತ್ತಿದರೆ ಅದಕ್ಕಿಂತ ದೊಡ್ಡ ಅಪಕಾರವಿಲ್ಲ. ಉಳಿದಿರುವ ಹದ್ದುಗಳೇ ಬೆರಳೆಣಿಕೆಯಷ್ಟು.

ಹದ್ದಿಗೆ ಒಳ್ಳೆಯದು ಮಾಡುವ ಆಸೆ ಇದ್ದರೆ ಬೆಟ್ಟ ಬಿಟ್ಟು ಡೇರಿಗೆ ಓಡಿ. ನೋವು ಕಡಿಮೆಯಾಗಲೆಂದು ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. ದೇಶದ ರಣಹದ್ದುಗಳು ಅಳಿವಿನ ಅಂಚಿಗೆ ಬಂದದ್ದು ಹಾಗೆ. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ ನಿಷೇಧಕ್ಕೆ ಸೇರಿದವು. ಮೆಲಾಕ್ಸಿಕಾಂ ಹದ್ದಿಗೆ ಅಪಾಯವಿಲ್ಲದ ಬದಲಿ. ಬೆಟ್ಟದ ಸುತ್ತಲಿನ ಹಳ್ಳಿಯ ಡೇರಿಗಳಿಗೆ ಓಡಿ ಹೋಗಿ, ಪಶುವೈದ್ಯರನ್ನೂ ಜೊತೆಗೆ ಕರೆದುಕೊಂಡು, ಹಾಲು ಹಾಕುವವರಿಗೆ ಇಷ್ಟು ವಿಷಯ ಮುಟ್ಟಿಸುವುದು ನನ್ನ ಮಟ್ಟಿಗೆ ಈ ಜಿಲ್ಲೆಯ ಓಟಗಾರರು ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲಿ ಒಂದು. 

ಸಾವನದುರ್ಗದ ಬುಡದಲ್ಲಿ ಕಸ ಹೆಕ್ಕುವ ಆಲೋಚನೆ ಇರುವ ಮಾಗಡಿಯವರೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಹೋಗಬೇಕು.

8. ಆನೆ, ನಾಯಿ, ಲಾರಿ

ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ಆನೆ ರಾತ್ರಿ ಹೊಲಕ್ಕಿಳಿದು ನಸುಕಿನಲ್ಲಿ ಕಾಡಿಗೆ ಮರಳುತ್ತದೆ. ಪೂರ್ತಿ ಬೆಳಕು ಹರಿಯುವ ತನಕ ಆ ಕಡೆ ಓಡಲೇಬೇಡಿ. ಹಿಂದಿನ ರಾತ್ರಿ ಊರವರಿಗೆ ಫೋನ್ ಮಾಡಿ ಕೇಳಿ. ಆನೆ ಇದೆ ಎಂದರೆ ಆ ವಾರ ಪೇಟೆಯೊಳಗಿನ ಕೆಲಸ. ಅರಣ್ಯ ಇಲಾಖೆಯ ಸಹಾಯವಾಣಿ 1926 ಎಲ್ಲರ ಫೋನಿನಲ್ಲಿರಲಿ. ಕಿವಿಗೆ ಹಾಡು ತುರುಕಿಕೊಂಡು ಯಾರೂ ಓಡಬಾರದು.

ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ. ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಸುಣ್ಣ, ಅರಿಶಿನ ಮೆತ್ತುವುದು ಬೇಡ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ದೂರದ ಗಾಡಿಗಳು ರಾಮನಗರ, ಚನ್ನಪಟ್ಟಣದ ಹೊರಗಿನಿಂದ ಹೋಗುತ್ತವೆ. ಹಾಗೆಂದು ಹಳೆಯ ರಸ್ತೆ ಓಟದ ಹಾದಿಯಾಗಿಲ್ಲ. ಸರ್ವೀಸ್ ರಸ್ತೆಯಂತೂ ಬೇಡವೇ ಬೇಡ. ಫುಟ್‌ಪಾತ್ ಇಲ್ಲದಲ್ಲಿ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ಓಡಿ. ಹೊಳೆಯುವ ಪಟ್ಟಿಯ ಜಾಕೆಟ್ ಮುಂದಿನವರಿಗೊಂದು, ಹಿಂದಿನವರಿಗೊಂದು.

9. ಹಿರಿಯರ ಮನೆಗೆ ಓಡುವವರು ಇಬ್ಬರೇ ಇರಲಿ, ಪ್ರತಿ ವಾರ ಅದೇ ಇಬ್ಬರು

ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಊರಿನ ಮನೆಯಲ್ಲಿ ಅಪ್ಪನೋ ಅವ್ವನೋ ಒಬ್ಬರೇ ಉಳಿದಿರುವ ಮನೆಗಳು ಈ ತಾಲ್ಲೂಕುಗಳಲ್ಲಿ ಬೀದಿ ಬೀದಿಯಲ್ಲಿವೆ. ರಾಜಧಾನಿ ಒಂದೆರಡು ಗಂಟೆಯ ದಾರಿ, ಆದರೂ ವಾರದ ಐದಾರು ದಿನ ಬಾಗಿಲು ತಟ್ಟುವವರಿಲ್ಲ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರೇ ಬದಲಾಯಿತು. ಅಷ್ಟು ಹತ್ತಿರ ಬಂದ ನಗರ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿದೆ.

ಗುಡ್‌ಜಿಮ್‌ನವರು ಮಾಡಿದ ಒಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಓಟಗಾರ ವಾರಕ್ಕೊಮ್ಮೆ ಒಬ್ಬ ಹಿರಿಯರ ಮನೆಗೆ ಓಡಿ ಹೋಗಿ ಸ್ವಲ್ಪ ಹೊತ್ತು ಕೂತು ಮಾತಾಡಿ ಬರುತ್ತಾನೆ. ಆ ಹಿರಿಯರನ್ನು ಅವರು ಕೋಚ್ ಎಂದು ಕರೆಯುತ್ತಾರೆ, ಏಕೆಂದರೆ ಓಟಗಾರ ಓಟ ತಪ್ಪಿಸದಂತೆ ನೋಡಿಕೊಳ್ಳುವವರು ಅವರೇ. ಇದು ಅಕ್ಷರಶಃ ನಿಜ. ಚಳಿಯ ಬೆಳಗ್ಗೆ ನಮಗೆ ನಾವೇ ನೂರು ನೆಪ ಹೇಳಿಕೊಳ್ಳುತ್ತೇವೆ. "ಯಾಕಪ್ಪಾ, ಹೋದ ವಾರ ಬರ್ಲೇ ಇಲ್ಲ, ನೋಡ್ಕೊಂಡ್ ಕೂತಿದ್ದೆ" ಎನ್ನುವ ಅಜ್ಜಿಗೆ ಒಂದೂ ಹೇಳಲಾಗುವುದಿಲ್ಲ. ಅಲಾರಾಂ ಹೊಡೆದಾಗ ಎಬ್ಬಿಸುವುದು ಮೆಡಲ್ಲಿಗಿಂತ ಆ ಮಾತು.

ಕೆಲಸ ಸಣ್ಣವು: ಸುಟ್ಟ ಬಲ್ಬು ಬದಲಿಸುವುದು, ಮಾತ್ರೆ ತಂದುಕೊಡುವುದು, ಮೇಲಿನ ಅಟ್ಟದಿಂದ ಪಾತ್ರೆ ಇಳಿಸುವುದು, ಮಗಳಿಗೆ ವಿಡಿಯೊ ಕಾಲ್ ಮಾಡಿಕೊಡುವುದು. ನಿಯಮಗಳು ಗಟ್ಟಿ: ಮೊದಲ ಸಲ ಆಶಾ ಕಾರ್ಯಕರ್ತೆಯೋ ನೆರೆಯವರೋ ಪರಿಚಯ ಮಾಡಿಸಬೇಕು. ಮನೆಯವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಒಬ್ಬರೇ ಹೋಗಬಾರದು. ಹೆಂಗಸರ ಮನೆಗೆ ಹೋಗುವ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು. ಎಟಿಎಂ ಕಾರ್ಡು, ಪಿನ್ನು, ಪಾಸ್‌ಬುಕ್ಕು ಯಾವುದನ್ನೂ ಮುಟ್ಟುವಂತಿಲ್ಲ. ಪಿಂಚಣಿ, ಆಸ್ತಿ, ಕಿರುಕುಳದ ವಿಷಯ ಬಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಅವರೇ ಮಾತಾಡುವಂತೆ ಮಾಡಿ. ಮೂರು ವಾರ ಹೋಗಿ ನಿಲ್ಲಿಸುವುದಾದರೆ ಶುರು ಮಾಡಲೇಬೇಡಿ. ಬರುತ್ತಾರೆಂದು ಕಾಯಿಸಿ ಬಾರದಿರುವುದು ಒಂಟಿತನಕ್ಕಿಂತ ಕೆಟ್ಟದ್ದು.

10. ಕೊನೆಯಲ್ಲಿ ಓಡುವವರು ಗುಂಪಿನ ಒಳ್ಳೆಯ ಓಟಗಾರರಾಗಿರಲಿ

ಹಿಂದೆ ಬಿದ್ದವರನ್ನು ಬಿಟ್ಟು ಮುಂದೆ ಹೋಗುವ ಗುಂಪಿಗೆ ಎರಡನೆಯ ವಾರ ಅವರು ಬರುವುದಿಲ್ಲ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಮಾಡುವವರಿಗೆ ಒಬ್ಬ ಗಟ್ಟಿ ಓಟಗಾರ ಜೊತೆಗಿರಬೇಕು. ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರು ಇದಕ್ಕೆ ಸರಿಯಾದವರು. ಅವರಿಗೆ ನಿಧಾನದ ಓಟವೂ ಒಂದು ತರಬೇತಿ, ಜನರ ನಡುವೆ ಕೆಲಸ ಮಾಡುವುದು ಅದಕ್ಕಿಂತ ದೊಡ್ಡ ತರಬೇತಿ. ಓಡಲಾಗದವರು ನಡೆದೇ ಬರಲಿ, ಗಾಡಿಯಲ್ಲಿ ಬರಲಿ. ಗುದ್ದಲಿ ಹಿಡಿಯಲು ವೇಗ ಬೇಕಿಲ್ಲ.

11. ಹೆಂಗಸರು ಬರುವ ಹೊತ್ತು ಹೆಂಗಸರೇ ಹೇಳಲಿ

ರೇಷ್ಮೆ ನೂಲು ಬಿಚ್ಚುವ ಫಿಲೇಚರುಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಭಾನುವಾರ ಬೆಳಗ್ಗೆಯೂ ಪುರುಸೊತ್ತಿಲ್ಲ, ವಾರದ ಬಟ್ಟೆ ಒಗೆಯುವ ದಿನ. ಅವರಿಗೆ ಭಾನುವಾರ ಸಂಜೆ ಐದು ಗಂಟೆ ಹೊಂದಬಹುದು, ಸ್ವಸಹಾಯ ಸಂಘದ ಸಭೆಯ ದಿನ ಹೊಂದಬಹುದು. ಚೂಡಿದಾರ್ ಹಾಕಿಕೊಂಡು, ಸೀರೆ ಉಟ್ಟು ಓಡಿದರೂ ಓಟವೇ. ಅಲ್ಲಿ ಗಂಡಸರ ಕೆಲಸ ಒಂದಿದೆ: ಆ ಹೊತ್ತಿನಲ್ಲಿ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವುದು.

12. ಸಾಮಾನು ಮುಂಚೆಯೇ ತಲುಪಿರಲಿ

ಗುದ್ದಲಿ, ಸನಿಕೆ, ಕುಡುಗೋಲು ಹಿಡಿದು ಓಡಬಾರದು. ಒಬ್ಬರು ಸ್ಕೂಟರಿನಲ್ಲಿ ಮಂಕರಿ, ಗ್ಲೌಸ್, ಕುಡಿಯುವ ನೀರು, ಬ್ಯಾಂಡೇಜ್ ಪೆಟ್ಟಿಗೆ ಎಲ್ಲವನ್ನೂ ಕೆಲಸದ ಜಾಗಕ್ಕೆ ಒಯ್ದಿರಲಿ. ಆ ಸರದಿ ವಾರಕ್ಕೊಬ್ಬರದು. ಕೆಲಸ ಮುಗಿದ ಮೇಲೆ ರಾಗಿ ಅಂಬಲಿಯೋ ಉಪ್ಪು ಹಾಕಿದ ಮಜ್ಜಿಗೆಯೋ ಸ್ಟೀಲ್ ಲೋಟದಲ್ಲಿ. ಪ್ಲಾಸ್ಟಿಕ್ ಬಾಟಲಿ ಹಂಚಿ ಕಸದ ಓಟ ಮಾಡುವುದು ಬೇಡ.

13. ಓಟಗಾರನ ರಕ್ತಕ್ಕೆ ಬೇಡಿಕೆ ಇದೆ, ಅವಸರ ಬೇಡ

18ರಿಂದ 65 ವರ್ಷ, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. ಓಟದ ಗುಂಪಿನ ಹತ್ತು ಜನ ಸರದಿ ಮಾಡಿಕೊಂಡರೆ ವರ್ಷವಿಡೀ ಊರಿಗೆ ರಕ್ತದಾನಿಗಳ ಪಟ್ಟಿ ಸಿದ್ಧ. ದೂರದ ಓಟ ಮುಗಿಸಿ ಬೆವರು ಆರುವ ಮುಂಚೆ ಹೋಗಿ ಮಲಗಬೇಡಿ. ತಿಂಡಿ ತಿಂದು, ನೀರು ಕುಡಿದು, ಆರಾಮವಾಗಿ ಹೋಗಿ. ಕೊಟ್ಟ ಮೇಲೆ ಒಂದು ದಿನ ಓಟಕ್ಕೆ ರಜೆ.

14. ಬ್ಯಾನರ್ ಕಟ್ಟಬೇಡಿ

ಈ ನಾಲ್ಕೂ ತಾಲ್ಲೂಕುಗಳಲ್ಲಿ ರಾಜಕೀಯ ಎಷ್ಟು ಬಿಸಿ ಎಂದು ಹೇಳಬೇಕಿಲ್ಲ. ಮುಖಂಡರೊಬ್ಬರ ಫೋಟೊ ಇರುವ ಟೀ ಶರ್ಟ್ ಹಾಕಿದ ದಿನವೇ ಊರಿನ ಅರ್ಧ ಜನ ದೂರವಾಗುತ್ತಾರೆ. ಯಾವ ಪಕ್ಷದವರೂ ಬರಲಿ, ಬಂದವರಿಗೆ ಮೊದಲು ಗ್ಲೌಸ್ ಕೊಡಿ. ಬೆಂಗಳೂರಿನಲ್ಲಿ 2010ರಿಂದ ಗಲೀಜು ಮೂಲೆಗಳನ್ನು ರಿಪೇರಿ ಮಾಡುತ್ತಾ ಬಂದ ಅಗ್ಲಿ ಇಂಡಿಯನ್ ಬಳಗದವರು ತಮ್ಮ ಹೆಸರು, ಮುಖ ತೋರಿಸದೆಯೇ ಅಷ್ಟು ಕೆಲಸ ಮಾಡಿದರು. ಅವರು ತೋರಿಸಿದ್ದು ಕೆಲಸಕ್ಕೆ ಮುಂಚಿನ ಗೋಡೆ, ಕೆಲಸ ಆದ ಮೇಲಿನ ಗೋಡೆ. ಫೋಟೊ ಬೇಕಿದ್ದರೆ ಅಂಥದ್ದೇ ಎರಡು ತೆಗೆಯಿರಿ. ಅಜ್ಜಿಯ ಕೈಗೆ ಮಾತ್ರೆ ಕೊಡುವ ಫೋಟೊ ಮಾತ್ರ ಎಂದಿಗೂ ಬೇಡ.

15. ಊರಿನ ಪಂಚಾಂಗ ನೋಡಿಕೊಂಡು ವರ್ಷ ಹಾಕಿಕೊಳ್ಳಿ

ಏಪ್ರಿಲ್, ಮೇ ಮಾವಿನ ಕೊಯ್ಲು. ತೋಟದವರು ಗುಂಪಿಗೆ ಬರಲಾರರು, ಬೇಸರ ಬೇಡ. ಬಿಸಿಲೂ ಜೋರು, ಏಳೂವರೆಯೊಳಗೆ ಎಲ್ಲ ಮುಗಿಯಬೇಕು. ಶಾಲೆಗೆ ರಜೆ ಇರುವ ಆ ಹೊತ್ತಿಗೇ ಗೋಡೆಗೆ ಬಣ್ಣ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕ ಜೋಡಿಸುವ ಕೆಲಸ. ಮಾಗಡಿ ತಿರುಮಲೆಯ ರಂಗನಾಥಸ್ವಾಮಿ ತೇರಿನ ಮರುದಿನ, ರಾಮನಗರದಲ್ಲಿ ಆಷಾಢದ ಚಾಮುಂಡೇಶ್ವರಿ ಕರಗದ ಮರುದಿನ ಬೀದಿ ಗುಡಿಸಲು ಎಷ್ಟು ಕೈ ಇದ್ದರೂ ಸಾಲದು, ಅಂದು ನಾಲ್ಕೂ ಊರಿನ ಗುಂಪುಗಳು ಒಂದೇ ಊರಿಗೆ ಬರಬಹುದು. ಎರಡನೆಯ ವರ್ಷದಿಂದ ಜೂನ್, ಜುಲೈನಲ್ಲಿ ಗಿಡ, ಮಳೆ ಹಿಡಿದ ಮೇಲೆ ಅವುಗಳಿಗೆ ಮುಳ್ಳುಬೇಲಿ. ನವೆಂಬರ್, ಡಿಸೆಂಬರ್ ರಾಗಿ ಕೊಯ್ಲು: ಆಳು ಸಿಗದೆ, ಮೋಡ ಕವಿದಾಗ ಹೊಲದತ್ತ ನೋಡುತ್ತಾ ಕೂರುವ ವಯಸ್ಸಾದ ರೈತರ ಹೊಲಕ್ಕೆ ಆ ತಿಂಗಳು ಓಡಿ. ಕುಡುಗೋಲು ಹಿಡಿಯಲು ಬಾರದವರು ಕಂತೆ ಹೊತ್ತು ಮೆದೆಗೆ ಸಾಗಿಸಲಿ, ಮೆದೆ ಒಟ್ಟುವುದನ್ನು ಆ ರೈತರೇ ಹೇಳಿಕೊಡುತ್ತಾರೆ.